ಕ್ಯಾಸಿನೊದಲ್ಲಿ ಕಳೆದದ್ದನ್ನು ಟ್ಯಾಕ್ಸ್‌ನಲ್ಲಿ ಕಳೆಯುವುದು ಹೇಗೆ?

ಅಮೆರಿಕದಲ್ಲಿರುವ ನಮ್ಮವರ ಟ್ಯಾಕ್ಸ್ ಫೈಲಿಂಗ್‌ಗೆ ಕೈಜೋಡಿಸುವಾಗ ಪ್ರತಿ ಮಾರ್ಚ್‌ನಲ್ಲೂ ನನಗೆ ಇದೇ ತಪ್ಪು ಕಾಣುತ್ತದೆ. ಸ್ಲಾಟ್ ಮೆಷಿನ್‌ನಲ್ಲಿ 4,000 ಡಾಲರ್ ಬಂದಿರುತ್ತದೆ, ವರ್ಷವಿಡೀ ಆಡಿ 6,000 ಹೋಗಿರುತ್ತದೆ. “ಒಟ್ಟಿನಲ್ಲಿ ಲಾಸೇ ಅಲ್ವಾ, ತೋರಿಸೋದೇನಿದೆ?” ಎಂದು ಸುಮ್ಮನಾಗುತ್ತಾರೆ. ಕ್ಯಾಸಿನೊದವರು ಸುಮ್ಮನಿರುವುದಿಲ್ಲ. ನೀವು ಗೆದ್ದದ್ದನ್ನು ತಿಳಿಸುವ ಡಬ್ಲ್ಯೂ-2ಜಿ ಫಾರ್ಮಿನ ಒಂದು ಪ್ರತಿ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಆಗಲೇ ಹೋಗಿರುತ್ತದೆ.

ಮೊದಲು, ಸೋತದ್ದನ್ನು ತೆರಿಗೆ ಲೆಕ್ಕದಲ್ಲಿ ಕಳೆಯುವ ಸೌಲಭ್ಯ ನಿಮಗಿದೆಯೇ ನೋಡಿಕೊಳ್ಳಿ. ಹೊಸದಾಗಿ ಓದಲು ಬಂದ ಹುಡುಗರು ಸಾಮಾನ್ಯವಾಗಿ ಅನಿವಾಸಿಗಳ ರಿಟರ್ನ್ ಆದ 1040-ಎನ್‌ಆರ್ ತುಂಬುತ್ತಾರೆ. ಅವರಿಗೆ ಸೋತ ಹಣ ಕಳೆಯುವ ಅವಕಾಶವೇ ಇಲ್ಲ. ಸ್ಲಾಟ್ ಗೆಲುವಿಗೆ ಶೇ 30 ತೆರಿಗೆ. (ಬ್ಲ್ಯಾಕ್‌ಜಾಕ್, ರೂಲೆಟ್‌ನಲ್ಲಿ ಗೆದ್ದರೆ ಅವರಿಗೆ ತೆರಿಗೆ ಇಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ!) ಊರಲ್ಲಿರುವವರು ಕೇರಳ ಲಾಟರಿಯಲ್ಲಿ ಸೋತದ್ದನ್ನು ಕಳೆಯುವ ಆಸೆ ಬಿಟ್ಟುಬಿಡಿ. ಭಾರತದಲ್ಲಿ ಗೆದ್ದದ್ದಕ್ಕೆ ಶೇ 30, ಸೋತದ್ದಕ್ಕೆ ಸೊನ್ನೆ.

ಗೆದ್ದ ಹಣವನ್ನು ಪೂರ್ತಿಯಾಗಿ ರಿಟರ್ನ್ ಜೊತೆಗಿನ ಶೆಡ್ಯೂಲ್ 1ರ 8ಬಿ ಸಾಲಿನಲ್ಲಿ ಬರೆಯಿರಿ. ಫಾರ್ಮ್ ಬರದ ಚಿಲ್ಲರೆ ಗೆಲುವೂ ಸೇರಬೇಕು. ಸೋತದ್ದು ಹೋಗುವುದು ಖರ್ಚುಗಳನ್ನು ಒಂದೊಂದಾಗಿ ತೋರಿಸಿ ಕಳೆಯುವ ಶೆಡ್ಯೂಲ್ ಎಗೆ, ಅದೂ ಗೆದ್ದಷ್ಟರ ಮಿತಿಯಲ್ಲಿ. ಮೇಲಿನ ಲೆಕ್ಕದಲ್ಲಿ 4,000 ಕಳೆಯಬಹುದು, ಉಳಿದ 2,000 ಹೋಯ್ತು ಅಂದುಕೊಳ್ಳಿ.

ಶೆಡ್ಯೂಲ್ ಎ ಬಳಸಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಲೆಕ್ಕ ಕೇಳದೆ ಆದಾಯದಿಂದ ಕಳೆಯಲು ಬಿಡುವ ನಿಗದಿತ ಮೊತ್ತ, ಬಿಡಬೇಕು. 2025ಕ್ಕೆ ಅದು ಒಬ್ಬರಿಗೆ 15,750, ಗಂಡ ಹೆಂಡತಿ ಸೇರಿ 31,500 ಡಾಲರ್. ಮನೆ ಸಾಲದ ಬಡ್ಡಿ, ಪ್ರಾಪರ್ಟಿ ಟ್ಯಾಕ್ಸ್, ದಾನ, ಜೂಜಿನ ಲಾಸು ಎಲ್ಲ ಕೂಡಿಸಿದರೂ ಅಷ್ಟು ದಾಟದಿದ್ದರೆ ಈ ಲೇಖನ ಇಲ್ಲಿಗೇ ಬಿಡಿ.

ಎಲ್ಲರೂ ಎಡವುವುದು ದಾಖಲೆಯಲ್ಲಿ. ಸ್ನೇಹಿತರೊಬ್ಬರು ಒಂದು ಚೀಲದ ತುಂಬ ಲಾಟರಿಯ ಸ್ಕ್ರ್ಯಾಚ್ ಟಿಕೆಟ್ ತಂದು ನನ್ನ ಟೇಬಲ್ ಮೇಲೆ ಸುರಿದರು. ಅರ್ಧಕ್ಕರ್ಧದ ಮೇಲೆ ಬೂಟಿನ ಗುರುತು. ಗ್ಯಾಸ್ ಸ್ಟೇಷನ್ ನೆಲದಿಂದ ಆರಿಸಿದ್ದು! ಆಡಿಟ್ ಮಾಡುವವರೂ ಬೂಟು ಹಾಕುತ್ತಾರೆ, ಮಾರಾಯ್ರೇ, ಆ ಗುರುತು ಅವರಿಗೆ ತಿಳಿಯುತ್ತದೆ.

ಬೇಕಾದದ್ದು ಡೈರಿ. ಆಡಿದ ದಿನವೇ ತಾರೀಖು, ಯಾವ ಆಟ, ಕ್ಯಾಸಿನೊದ ಹೆಸರು ವಿಳಾಸ, ಜೊತೆಗಿದ್ದವರು, ಗೆದ್ದದ್ದು, ಸೋತದ್ದು ಬರೆಯಿರಿ. ಸ್ಲಾಟ್ ಆದರೆ ಮೆಷಿನ್ ನಂಬರನ್ನೂ ಬರೆದುಕೊಳ್ಳಿ. ಒಂದೊಂದು ಸಲ ಬಟನ್ ಒತ್ತಿದ್ದನ್ನೂ ಬರೆಯಬೇಕಿಲ್ಲ. ಕೂತಾಗ 200 ಡಾಲರ್, ಎದ್ದಾಗ 350 ಇದ್ದರೆ ಆ ಕೂತದ್ದಕ್ಕೆ 150 ಗೆಲುವು. ಮರುವಾರ ಹೋಗಿ 300 ಸೋತರೆ ಅದು ಬೇರೆ ಸಾಲು. ಎರಡನ್ನೂ ಅಲ್ಲೇ ಕೂಡಿ ಕಳೆದು “150 ಲಾಸು” ಎಂದು ಬರೆದರೆ ಡೈರಿ ಕೆಟ್ಟಿತು. ಎಟಿಎಂ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ. ಕ್ಯಾಸಿನೊ ಕೊಡುವ ವಿನ್-ಲಾಸ್ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಅದು ಮೆಂಬರ್ ಕಾರ್ಡ್ ಹಾಕಿ ಆಡಿದ್ದನ್ನಷ್ಟೇ ಹೇಳುತ್ತದೆ.

ನನ್ನ ಮಾತು ಕೇಳಿದರೆ ಆ್ಯಪ್ ಬೇಡ, ಜೇಬಲ್ಲಿ ಹಿಡಿಯುವ ನೋಟ್‌ಬುಕ್ ಸಾಕು. ನಾನು ದುಡ್ಡು ಕೊಟ್ಟು ಹಾಕಿಕೊಂಡ ಆ್ಯಪ್ ಫೋನ್ ಬದಲಿಸಿದಾಗ ಎಂಟು ತಿಂಗಳ ಲೆಕ್ಕ ನುಂಗಿತು. ಏಪ್ರಿಲ್‌ನಲ್ಲಿ ಕೂತು ಒಂದೇ ಪೆನ್ನಲ್ಲಿ ಇಡೀ ವರ್ಷದ ಡೈರಿ ಬರೆಯುವ ಜಾಣರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ರಾಜ್ಯದ ತೆರಿಗೆಯನ್ನು ಬೇರೆಯೇ ನೋಡಬೇಕು. ಇಲಿನಾಯ್‌ನಂಥ ಕಡೆ ಸೋತದ್ದನ್ನು ಕಳೆಯಲು ಬಿಡುವುದಿಲ್ಲ.

2026ರ ಆಟಕ್ಕೆ ಇನ್ನೊಂದು ಪೆಟ್ಟಿದೆ. ಲಾಸಿನ ಶೇ 90 ಮಾತ್ರ ಲೆಕ್ಕಕ್ಕೆ. 10,000 ಗೆದ್ದು ಅಷ್ಟನ್ನೇ ಸೋತರೂ ಕಳೆಯಲು ಸಿಗುವುದು 9,000. ಉಳಿದ 1,000 ಜೇಬಲ್ಲಿ ಇಲ್ಲದಿದ್ದರೂ ಅದಕ್ಕೆ ತೆರಿಗೆ ಕಟ್ಟಬೇಕು.