ಕುಚ್ಚು ಮೀನಿಗೆ ಎಷ್ಟು ಪೌಂಡಿನ ಬ್ರೇಡ್ ದಾರ ಬೇಕು?

ಶಿವಮೊಗ್ಗ, ಸಾಗರ, ಶಿಕಾರಿಪುರದ ಕಡೆ ಗಾಳ ಹಾಕುವ ಹುಡುಗರ ಕೈಯಲ್ಲಿ ಈಗ ಬಿದಿರಿನ ಕೋಲಿನ ಬದಲು ರಾಡು, ರೀಲು ಬಂದಿವೆ. ಒಳ್ಳೆಯದೇ. ಆದರೆ ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಹೆಣೆದ ದಾರ, ಕೊಳ್ಳುವಾಗ ಬಹಳ ಜನ ಡಬ್ಬಿಯ ಮೇಲೆ ಯಾವ ಸಂಖ್ಯೆ ದೊಡ್ಡದೋ ಅದನ್ನೇ ತರುತ್ತಾರೆ. 80 ಪೌಂಡ್, ಕೆಲವರು 100 ಪೌಂಡ್, ಅಂದರೆ ದಾರ ಹರಿಯದೆ ತಡೆಯುವ ಭಾರ. ಅದನ್ನು ಪುಟ್ಟ ರೀಲಿಗೆ ಸುತ್ತುತ್ತಾರೆ. ಆಮೇಲೆ ಕಪ್ಪೆ (ಗಾಳವಿರುವ ರಬ್ಬರ್ ಕಪ್ಪೆ) ದೂರ ಹೋಗ್ತಿಲ್ಲ, ಗಾಳ ನೆಟ್ಟಗಾಯ್ತು, ರಾಡಿನ ತುದಿ ಮುರೀತು ಅಂತ ಬೇಸರ ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು, ನಮ್ಮ ಕೆರೆಯಲ್ಲಿ ಎರಡು ಕೆ.ಜಿ. ಮೀನು ಸಿಕ್ಕರೆ ಹೆಚ್ಚು, 10 ಪೌಂಡ್ ಧಾರಾಳ ಎಂದು ತೆಳು ದಾರ ಕಟ್ಟಿ, ಜೊಂಡಿನೊಳಗೆ ಮೀನನ್ನೂ ಕಪ್ಪೆಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಎರಡೂ ಕಡೆ ತಪ್ಪಿರುವುದು ಒಂದೇ ಜಾಗದಲ್ಲಿ. ಮೀನಿನ ತೂಕ ನೋಡಿ ದಾರ ಆರಿಸಬಾರದು, ಮೀನು ಇರುವ ಜಾಗ ನೋಡಿ ಆರಿಸಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಬಾಸ್ ಮೀನು. ನಾವೆಲ್ಲ ನೋಡುವ ವಿಡಿಯೊಗಳಲ್ಲಿ ಬಹುಪಾಲು ಅದರದ್ದೇ ಅಲ್ವಾ. ಲಾರ್ಜ್‌ಮೌತ್ ಬಾಸ್‌ನ ದಾಖಲೆ ಮೀನು 1932ರಲ್ಲಿ ಜಾರ್ಜಿಯಾದಲ್ಲಿ ಸಿಕ್ಕಿತ್ತು, ತೂಕ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10 ಕೆ.ಜಿ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸರಿಸಮ ಎನ್ನುವಂಥ ಇನ್ನೊಂದು ಸಿಕ್ಕಿತು. ದಾಖಲೆ ಮೀನೇ 10 ಕೆ.ಜಿ. ಇರುವಾಗ, ಅಮೆರಿಕದವರು ದಟ್ಟ ಕಳೆಯ ಮೇಲೆ ಕಪ್ಪೆ ಎಳೆಯುವುದಕ್ಕೆ 50ರಿಂದ 65 ಪೌಂಡಿನ ಬ್ರೇಡ್ ಹಾಕುತ್ತಾರೆ. 65 ಪೌಂಡ್ ಅಂದರೆ ಹತ್ತಿರ ಹತ್ತಿರ 29 ಕೆ.ಜಿ. ಅದೇ ಜನ ಕಳೆಯಿಲ್ಲದ ತಿಳಿನೀರಿಗೆ ಹೋದಾಗ 10, 15 ಪೌಂಡಿಗೆ ಇಳಿಯುತ್ತಾರೆ. ಮೀನು ಅದೇ, ಜಾಗ ಬೇರೆ.

ನಮ್ಮ ಕುಚ್ಚು ಮೀನು, ಪೇಟೆಯಲ್ಲಿ ಮುರ್ರೆಲ್ ಅಂತಾರಲ್ಲ, ಅದೂ ಹೊಂಚು ಹಾಕಿ ಬೇಟೆ ಹಿಡಿಯುವ ಮೀನೇ. ಅಂತರಗಂಗೆಯ ಅಡಿ, ತಾವರೆ ಎಲೆಯ ನೆರಳು, ಜೊಂಡಿನ ಬುಡ, ಇವೇ ಅದರ ಜಾಗ. ಕಚ್ಚಿದ ಕೂಡಲೇ ಕೆಳಗಿನ ಕಳೆಗೆ ನುಗ್ಗುತ್ತದೆ. ಆಗ ನೀವು ಎಳೆಯುತ್ತಿರುವುದು ಎರಡು ಕೆ.ಜಿ. ಮೀನನ್ನಷ್ಟೇ ಅಲ್ಲ, ಅದರ ಜೊತೆ ಸುತ್ತಿಕೊಂಡ ಒಂದು ಹೊರೆ ಒದ್ದೆ ಕಳೆಯನ್ನೂ.

ಮೊದಲು ಜಾಗ ನೋಡಿ

ಕಳೆ ತುಂಬಿದ ಕೆರೆಗೆ ನನ್ನ ಮಾತು ಕೇಳಿದರೆ 40 ಪೌಂಡ್. ಅಂತರಗಂಗೆ ಚಾಪೆಯಂತೆ ಹಬ್ಬಿ ನೀರೇ ಕಾಣದಂತಿದ್ದರೆ 50. ಅದಕ್ಕಿಂತ ಮೇಲೆ ಹೋಗುವ ಅಗತ್ಯ ಮಲೆನಾಡಿನ ಕೆರೆಗಳಲ್ಲಿ ಇಲ್ಲ. ತುಂಗೆ, ಭದ್ರೆಯ ತೆರೆದ ನೀರಿನಲ್ಲಿ ಸಣ್ಣ ಸ್ಪೂನು, ಸ್ಪಿನ್ನರ್‌ನಂಥ ಹೊಳೆಯುವ ತಗಡಿನ ಹುಸಿಮೀನು ಎಸೆಯುವುದಾದರೆ 20 ಸಾಕು. ಜಿಲೇಬಿ ಮೀನಿಗೆ 10. ಲಿಂಗನಮಕ್ಕಿ ಹಿನ್ನೀರಿನಂಥ ಕಡೆ ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳು ಮೇಲೇಳುತ್ತವೆ, ಅಲ್ಲಿ 30. ಯಾಕೆ 50 ಬೇಡ ಅಂದರೆ, ಬೊಡ್ಡೆಗೆ ಗಾಳ ಸಿಕ್ಕಿಕೊಂಡಾಗ ದಾರವನ್ನು ನೀವೇ ಹರಿಯಬೇಕಾಗುತ್ತದೆ. 50 ಪೌಂಡ್ ಬ್ರೇಡನ್ನು ಕೈಯಲ್ಲಿ ಸುತ್ತಿ ಎಳೆದರೆ ದಾರಕ್ಕಿಂತ ಮೊದಲು ಬೆರಳು ಕುಯ್ಯುತ್ತದೆ. ಎಳೆಯಲೇಬೇಕಾದರೆ ದಾರವನ್ನು ಒಂದು ಕೋಲಿಗೆ ಸುತ್ತಿ, ರಾಡನ್ನು ಪಕ್ಕಕ್ಕಿಟ್ಟು, ನೇರವಾಗಿ ಎಳೆಯಿರಿ.

ಇನ್ನೊಂದು ಮಾತು. ಬ್ರೇಡ್ ನೀರಿನಲ್ಲಿ ಕೊಳೆಯುವುದಿಲ್ಲ. ಕೆರೆಯಲ್ಲಿ ಬಿಟ್ಟು ಬಂದ ದಾರ ವರ್ಷಗಟ್ಟಲೆ ಹಾಗೇ ಇರುತ್ತದೆ, ಕೊಕ್ಕರೆ, ನೀರುಕಾಗೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಮಂಡಗದ್ದೆ, ಗುಡವಿಯಂಥ ಪಕ್ಷಿಧಾಮಗಳಿರುವ ಜಿಲ್ಲೆ ನಮ್ಮದು. ದಾರ ದಪ್ಪವಾದಷ್ಟೂ ಹಕ್ಕಿಗೆ ಬಿಡಿಸಿಕೊಳ್ಳುವುದು ಕಷ್ಟ. ಹರಿದ ದಾರವನ್ನು ಸಾಧ್ಯವಾದಷ್ಟು ಎಳೆದು ವಾಪಸ್ ತನ್ನಿ.

ಡಬ್ಬಿ ಓದುವುದು

ಜನ ಎಡವುವುದು ಇಲ್ಲೇ. ಡಬ್ಬಿಯ ಮೇಲೆ ಮೂರು ಸಂಖ್ಯೆ ಇರುತ್ತವೆ. ಪೌಂಡ್, ಮಿಲಿಮೀಟರ್, ಮತ್ತೆ ಕೆಲವದರ ಮೇಲೆ ಪಿಇ. ಎಲ್ಲರೂ ಪೌಂಡ್ ನೋಡುತ್ತಾರೆ. ನೀವು ಮಿಲಿಮೀಟರ್ ನೋಡಿ.

ಪೌಂಡ್ ಸುಳ್ಳು ಬರೆಯುವುದು ಸುಲಭ, ದಪ್ಪ ಮುಚ್ಚಿಡುವುದು ಕಷ್ಟ. ಬ್ರೇಡ್ ಮಾಡುವುದು ಪಾಲಿಎಥಿಲೀನ್‌ನ ಒಂದು ಬಲವಾದ ಜಾತಿಯ ಎಳೆಗಳಿಂದ. ಡೈನೀಮಾ, ಸ್ಪೆಕ್ಟ್ರಾ ಅಂತ ಹೆಸರು ಕೇಳಿರಬಹುದು. ಒಂದು ದಪ್ಪಕ್ಕೆ ಆ ಎಳೆ ಇಷ್ಟೇ ಭಾರ ತಡೆಯಬಲ್ಲದು ಎಂಬ ಮಿತಿ ಇದೆ, ಅದನ್ನು ಯಾವ ಕಂಪನಿಯೂ ಮೀರಲಾರದು. ಪಿಇ ಎಂಬುದು ಜಪಾನಿನ ಲೆಕ್ಕ. ಪಿಇ 1 ಅಂದರೆ 0.165 ಮಿ.ಮೀ., ಪಿಇ 2 ಅಂದರೆ 0.235, ಪಿಇ 3 ಅಂದರೆ 0.285, ಪಿಇ 4 ಅಂದರೆ 0.33. ನಂಬಬಹುದಾದ 20 ಪೌಂಡ್ ದಾರ ಸುಮಾರು 0.2 ಮಿ.ಮೀ. ಆಸುಪಾಸಿನಲ್ಲಿರುತ್ತದೆ, 40 ಪೌಂಡಿನದು 0.26ರಿಂದ 0.32ರ ಒಳಗೆ. ಹೀಗಿರುವಾಗ ಅಗ್ಗದ ಡಬ್ಬಿಯೊಂದರ ಮೇಲೆ 0.20 ಮಿ.ಮೀ., 60 ಪೌಂಡ್ ಎಂದು ಬರೆದಿದ್ದರೆ ಎರಡರಲ್ಲಿ ಒಂದು ಸುಳ್ಳು. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ. ರಿಯಾಯಿತಿ ಎಷ್ಟೇ ಇರಲಿ.

ಡಬ್ಬಿಯ ಮಾತು ನಂಬದೆ ದಪ್ಪವನ್ನು ನೀವೇ ಅಳೆಯಬಹುದು. ಪೆನ್ಸಿಲಿಗೆ ದಾರವನ್ನು ಒತ್ತೊತ್ತಾಗಿ 20 ಸುತ್ತು ಸುತ್ತಿ, ಸಂದು ಬಿಡಬೇಡಿ, ಒಂದರ ಮೇಲೊಂದು ಹತ್ತಬಾರದು. ಆ 20 ಸುತ್ತಿನ ಅಗಲವನ್ನು ಸ್ಕೇಲಿನಲ್ಲಿ ನೋಡಿ. 6 ಮಿ.ಮೀ. ಬಂದರೆ ದಾರ 0.3 ಮಿ.ಮೀ. ಬ್ರೇಡ್ ಒತ್ತಿದಾಗ ಸ್ವಲ್ಪ ಚಪ್ಪಟೆ ಆಗುವುದರಿಂದ ಲೆಕ್ಕ ಪಕ್ಕಾ ಬರುವುದಿಲ್ಲ, ಆದರೆ 0.2 ಎಂದು ಬರೆದದ್ದು ನಿಜಕ್ಕೂ 0.35 ಇದ್ದರೆ ಗೊತ್ತಾಗಿಯೇ ಆಗುತ್ತದೆ.

ಆಮೇಲೆ ಅದು ನಿಜವಾದ ಬ್ರೇಡೋ, ಬೇರೆ ದಾರವನ್ನು ಹೆಣೆದು ಕೊಟ್ಟಿದ್ದಾರೋ ನೋಡಿ. ಬೆರಳುದ್ದ ತುಂಡು ಕತ್ತರಿಸಿ, ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಚೆನ್ನಾಗಿ ಹಿಸುಕಿ ಗಾಳಿ ತೆಗೆದು, ಲೋಟದ ನೀರಿನ ಅಡಿಗೆ ಒತ್ತಿ ಬಿಡಿ. ಪಾಲಿಎಥಿಲೀನ್ ನೀರಿಗಿಂತ ಹಗುರ, ಮೇಲೆ ಬರುತ್ತದೆ. ನೈಲಾನ್, ಪಾಲಿಎಸ್ಟರ್ ನೀರಿಗಿಂತ ಭಾರ, ತಳದಲ್ಲೇ ಉಳಿಯುತ್ತವೆ. ಬೇಕೆಂದೇ ಮುಳುಗುವಂತೆ ಮಾಡಿದ ಬ್ರೇಡ್ ಕೂಡ ಸಿಗುತ್ತದೆ, ಡಬ್ಬಿಯ ಮೇಲೆ ಹಾಗೆಂದು ಬರೆದಿರುತ್ತದೆ. ಹಾಗೆ ಬರೆಯದೆ ಮುಳುಗಿದರೆ ಅದನ್ನು ವಾಪಸ್ ಕೊಡಿ. ಕಪ್ಪೆ ಎಳೆಯುವುದಕ್ಕೆ ತೇಲುವ ದಾರವೇ ಬೇಕು.

ಕೊನೆಗೆ ಬಕೆಟ್ ಪರೀಕ್ಷೆ. ಇದನ್ನು ಮಾತ್ರ ತಪ್ಪಿಸಬೇಡಿ. ಒಂದು ಲೀಟರ್ ನೀರು ಒಂದು ಕೆ.ಜಿ., ಹಾಗಾಗಿ ಬೇರೆ ತಕ್ಕಡಿ ಬೇಡ. 20 ಪೌಂಡ್ ದಾರ 9 ಕೆ.ಜಿ. ಎತ್ತಬೇಕು, 30 ಪೌಂಡ್ ಹದಿಮೂರೂವರೆ, 40 ಪೌಂಡ್ 18, 50 ಪೌಂಡ್ ಇಪ್ಪತ್ತೆರಡೂವರೆ. ನೀವು ಗಾಳಕ್ಕೆ ಯಾವ ಗಂಟು ಹಾಕುತ್ತೀರೋ ಅದೇ ಗಂಟಿನಿಂದ ದಾರವನ್ನು ಬಕೆಟಿನ ಹಿಡಿಗೆ ಕಟ್ಟಿ. ಇನ್ನೊಂದು ತುದಿಯನ್ನು ದಪ್ಪ ಕೋಲಿಗೆ ಏಳೆಂಟು ಸುತ್ತು ಸುತ್ತಿ ಗಂಟು ಹಾಕಿ, ಕೋಲಿನ ಎರಡೂ ಬದಿ ಹಿಡಿದು ನಿಧಾನ ಎತ್ತಿ. ಕೈಗೆ ಸುತ್ತಿಕೊಳ್ಳಬೇಡಿ. ಬಕೆಟನ್ನು ನೆಲದಿಂದ ನಾಲ್ಕು ಬೆರಳಿಗಿಂತ ಮೇಲೆ ಎತ್ತುವುದೂ ಬೇಡ, ಹರಿದರೆ ಕಾಲ ಮೇಲೆ ಬೀಳುತ್ತದೆ. ನೀರನ್ನು ಲೀಟರ್ ಲೀಟರಾಗಿ ಹೆಚ್ಚಿಸುತ್ತಾ ಹೋಗಿ. ಗಂಟಿನ ಜಾಗದಲ್ಲಿ ಯಾವ ದಾರವಾದರೂ ಒಂದಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ 40 ಎಂದು ಬರೆದದ್ದು ಗಂಟಿನ ಜೊತೆ 14 ಕೆ.ಜಿ. ಎತ್ತಿದರೂ ನಾನು ಒಪ್ಪುತ್ತೇನೆ. 8ಕ್ಕೇ ಹರಿದರೆ ಅದು 40 ಪೌಂಡ್ ದಾರವೇ ಅಲ್ಲ. ದಾರ ಹರಿಯದೆ ಗಂಟು ಜಾರಿ ಬಿಚ್ಚಿಕೊಂಡರೆ ದಾರವನ್ನು ಬೈಯಬೇಡಿ, ಗಂಟು ಬದಲಿಸಿ.

ನಾಲ್ಕು ಎಳೆಯೋ ಎಂಟು ಎಳೆಯೋ? ಕಳೆಯ ಕೆರೆಗೆ ನಾಲ್ಕು. ಅದರ ಮೈ ಒರಟು, ಕಳೆಯನ್ನು ಗರಗಸದಂತೆ ಕುಯ್ಯುತ್ತದೆ, ಉಜ್ಜಾಟ ಹೆಚ್ಚು ತಡೆಯುತ್ತದೆ, ಬೆಲೆಯೂ ಕಡಿಮೆ. ಎಂಟೆಳೆಯದು ನುಣುಪು, ಸದ್ದಿಲ್ಲದೆ ದೂರ ಹೋಗುತ್ತದೆ, ತೆರೆದ ನೀರಿಗೆ ಚೆನ್ನ. ಬಣ್ಣ ನಿಮ್ಮಿಷ್ಟ.

ರಾಡು, ರೀಲಿಗೆ ಹೊಂದಿಸುವುದು

ದಾರದ ಶಕ್ತಿಯ ಕಾಲು ಭಾಗಕ್ಕೆ ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ರೀಲು ದಾರ ಬಿಡುವ ಮೊದಲಿನ ತಡೆ, ಇಡಬೇಕು ಎಂಬುದು ಹಳೇ ಲೆಕ್ಕ, ಇವತ್ತಿಗೂ ಸರಿ. 40 ಪೌಂಡಿಗೆ ಅದು ನಾಲ್ಕೂವರೆ ಕೆ.ಜಿ. ಆಗುತ್ತದೆ. 80 ಪೌಂಡಿಗೆ 9 ಕೆ.ಜಿ. ಇಲ್ಲಿ ಒಂದು ಕೆಲಸ ಮಾಡಿ ನೋಡಿ. ದಾರದ ತುದಿಗೆ ಕೊಕ್ಕೆ ತಕ್ಕಡಿ ಕಟ್ಟಿ, ಯಾರಾದರೂ ಅದನ್ನು ಹಿಡಿದಿರಲಿ, ನೀವು ರಾಡನ್ನು ಬಾಗಿಸಿ ಎಳೆಯಿರಿ. ನಾಲ್ಕು ಕೆ.ಜಿ. ತಲುಪುವಷ್ಟರಲ್ಲಿ ಮೊಣಕೈ ನೋಯಲು ಶುರುವಾಗುತ್ತದೆ. 9 ಕೆ.ಜಿ. ಬಲವನ್ನು ನಾವು ಬಳಸುವ ಸಾಮಾನ್ಯ ರಾಡಿನಿಂದ ಹಾಕಲು ಆಗುವುದೇ ಇಲ್ಲ. ಅಂದಮೇಲೆ 80 ಪೌಂಡಿನ ದಾರದಲ್ಲಿ ಅರ್ಧ ಶಕ್ತಿ ಸುಮ್ನೆ ರೀಲಿನಲ್ಲಿ ಕೂತಿರುತ್ತದೆ, ಅದರ ದಪ್ಪ ಮಾತ್ರ ನಿಮ್ಮ ಎಸೆತ ತಿನ್ನುತ್ತದೆ. ದಾರ ಹರಿಯದಿದ್ದರೆ ಬೇರೆ ಏನೋ ಮುರಿಯುತ್ತದೆ, ಸಾಮಾನ್ಯವಾಗಿ ಅದು ರಾಡೇ.

ಬ್ರೇಡ್ ಹಿಗ್ಗುವುದು ತೀರಾ ಕಡಿಮೆ ಎಂಬುದನ್ನೂ ನೆನಪಿಡಿ. ನೈಲಾನ್ ಎಳೆದಾಗ ನೂರಕ್ಕೆ ಇಪ್ಪತ್ತರಷ್ಟಾದರೂ ಹಿಗ್ಗಿ ಪೆಟ್ಟು ನುಂಗಿಕೊಳ್ಳುತ್ತದೆ. ಬ್ರೇಡಿನಲ್ಲಿ ಮೀನಿನ ಜಗ್ಗಾಟ ಪೂರ್ತಿ ರಾಡಿಗೇ ಬರುತ್ತದೆ. ಕುಚ್ಚಿನ ಗಟ್ಟಿ ಬಾಯಿಗೆ ಗಾಳ ನಾಟಲು ಇದು ಒಳ್ಳೆಯದು, ಬಲವಿಲ್ಲದ ರಾಡಿಗೆ ಕೆಟ್ಟದು. ಮೀಡಿಯಂ ರಾಡಿಗೆ 30ರ ಮೇಲೆ ಹೋಗಬೇಡಿ, 40 ಬೇಕೆಂದರೆ ಅದಕ್ಕಿಂತ ಗಟ್ಟಿಯಾದ ಮೀಡಿಯಂ ಹೆವಿ ತಗೊಳ್ಳಿ. ರಾಡಿನ ಮೇಲೆ ಬರೆದಿರುವ ಪೌಂಡ್ ಸಾಮಾನ್ಯವಾಗಿ ನೈಲಾನ್ ಲೆಕ್ಕದ್ದು, ಅದನ್ನು ನೋಡಿ ಗಾಬರಿ ಬೇಡ. ಆದರೆ ಅಗ್ಗದ ರಾಡುಗಳಲ್ಲಿ ದಾರ ಹಾಯುವ ಬಳೆಗಳನ್ನು ನೋಡಿ. ಬರೀ ತಗಡಿನ ಬಳೆಯನ್ನು ಬ್ರೇಡ್ ತೇಯ್ದು ಗೀರು ಮಾಡುತ್ತದೆ, ಆಮೇಲೆ ಆ ಗೀರೇ ದಾರವನ್ನು ಕುಯ್ಯುತ್ತದೆ. ಹತ್ತಿಯ ಚೂರನ್ನು ಬಳೆಯೊಳಗೆ ಆಡಿಸಿ. ಎಳೆ ಸಿಕ್ಕಿಕೊಂಡರೆ ಬಳೆ ಬದಲಿಸಿ.

ಸುತ್ತುವುದು, ಕಟ್ಟುವುದು

ಬ್ರೇಡ್ ನುಣುಪು. ರೀಲಿನ ಮೇಲೆ ನೇರ ಸುತ್ತಿದರೆ ಮೀನು ಎಳೆದಾಗ ಇಡೀ ಸುತ್ತೇ ಜಾರಿ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆ ಅಂತ ಜನ ರಿಪೇರಿಗೆ ಕೊಡುತ್ತಾರೆ. ಅಡಿಗೆ ಒಂದಿಷ್ಟು ಹಳೇ ನೈಲಾನ್ ದಾರ ಸುತ್ತಿ, ಅದರ ಮೇಲೆ ಬ್ರೇಡ್ ಹಾಕಿ. 100 ಮೀಟರ್ ಸಾಕು, ಕೆರೆಯಲ್ಲಿ ನಾವು ಎಸೆಯುವುದು ಅದರ ಅರ್ಧವೂ ಇಲ್ಲ. ಸುತ್ತುವಾಗ ದಾರವನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ಹಿಡಿದು ಬಿಗಿಯಾಗಿ ಸುತ್ತಿ. ಸಡಿಲ ಸುತ್ತಿದರೆ ಮೇಲಿನ ದಾರ ಒಳಗೆ ಹೂತುಕೊಳ್ಳುತ್ತದೆ, ಮುಂದಿನ ಎಸೆತದಲ್ಲಿ ಗುಂಜಾಗಿ ಬರುತ್ತದೆ. ಅಂಚಿನಿಂದ ಎರಡು ಮಿಲಿಮೀಟರ್ ಕೆಳಗೆ ನಿಲ್ಲಿಸಿ.

ಗಂಟಿಗೆ ಪಾಲೋಮರ್ ಬಿಟ್ಟು ಬೇರೆ ಹುಡುಕಬೇಡಿ. ದಾರವನ್ನು ಜೋಡಿ ಮಾಡಿ ಗಾಳದ ಕಣ್ಣಿನಲ್ಲಿ ತೂರಿಸಿ, ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಗಾಳವನ್ನೋ ಕಪ್ಪೆಯನ್ನೋ ಪೂರ್ತಿ ದಾಟಿಸಿ, ಎಂಜಲು ಹಚ್ಚಿ ನಿಧಾನ ಬಿಗಿಯಿರಿ. ಒಣಗಿದ ದಾರವನ್ನು ಜೋರಾಗಿ ಎಳೆದರೆ ಉಜ್ಜಿದ ಬಿಸಿಗೇ ಅದು ಸೋಲುತ್ತದೆ. ನೈಲಾನಿಗೆ ಹಾಕುವ ಮಾಮೂಲಿ ಸುತ್ತುಗಂಟು ಬ್ರೇಡಿನಲ್ಲಿ ಜಾರುತ್ತದೆ. ನದಿಯ ಬಂಡೆಗಳ ನಡುವೆ ಹಾಕುವುದಾದರೆ ತುದಿಗೆ ಒಂದು ಮಾರು ದಪ್ಪ ನೈಲಾನ್ ಸೇರಿಸಿ, ಬಂಡೆಗೆ ಉಜ್ಜಿದರೆ ಬ್ರೇಡ್ ಬೇಗ ಹೋಗುತ್ತದೆ. ಕಳೆಯ ಕೆರೆಯಲ್ಲಿ ಅದೂ ಬೇಡ.

ಕೆರೆಗೆ ಇಳಿಯುವ ಮೊದಲು ಗುತ್ತಿಗೆ ಯಾರದ್ದು ಎಂದು ಕೇಳಿಕೊಳ್ಳಿ. ಶೃಂಗೇರಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಂಥ ಮತ್ಸ್ಯಧಾಮಗಳ ಹತ್ತಿರ ರಾಡು ತೆಗೆಯಲೇಬೇಡಿ. ನೀರಿನ ಮೇಲೆ ಕುಚ್ಚಿನ ಕೆಂಪು ಮರಿಗಳ ಗುಂಪು ಕುದಿಯುತ್ತಿರುವುದು ಕಂಡರೆ ಅದರ ಅಡಿಯಲ್ಲಿ ತಾಯಿ ತಂದೆ ಕಾವಲಿವೆ. ಅಲ್ಲಿ ಕಪ್ಪೆ ಎಸೆದರೆ ಖಂಡಿತ ಕಚ್ಚುತ್ತವೆ, ಆದರೆ ಕಾವಲು ಹೋದ ಮೇಲೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಅಲ್ಲಿಂದ ಬೇರೆ ಕಡೆ ಹೋಗಿ.

ದಾರದ ಬಣ್ಣ ಮಾಸಿದ್ದಕ್ಕೆ ಹೊಸದು ಕೊಳ್ಳಬೇಡಿ. ಬಣ್ಣ ಹೋದರೆ ಶಕ್ತಿ ಹೋಗುವುದಿಲ್ಲ. ಬೆರಳಾಡಿಸಿದಾಗ ಜುಂಗು ಎದ್ದಿರುವುದು ತಿಳಿದರೆ ಅಷ್ಟನ್ನು ಕತ್ತರಿಸಿ. ಮುಂದಿನ ಭಾಗ ಪೂರ್ತಿ ಸವೆದಾಗ ದಾರವನ್ನು ಬಿಚ್ಚಿ, ತಿರುಗಿಸಿ ಸುತ್ತಿ. ಅಡಿಯಲ್ಲಿದ್ದ ಅರ್ಧ ನೀರನ್ನೇ ಕಂಡಿರುವುದಿಲ್ಲ, ಇನ್ನೊಂದು ಮಳೆಗಾಲಕ್ಕೆ ಆರಾಮಾಗಿ ಬರುತ್ತದೆ.