ಶ್ರೀರಂಗಪಟ್ಟಣದ ಸಮಾಧಿಗಳನ್ನು ಒಂದು ದಿನದಲ್ಲಿ ನೋಡುವ ಬಗೆ

ಶ್ರೀರಂಗಪಟ್ಟಣಕ್ಕೆ ಬರುವವರಲ್ಲಿ ಹೆಚ್ಚಿನವರು ರಂಗನಾಥನ ದರ್ಶನ ಮಾಡಿ, ದರಿಯಾ ದೌಲತ್ ಸುತ್ತಿ, ಗುಂಬಜ್‌ನ ಮುಂದೆ ಫೋಟೋ ತೆಗೆಸಿಕೊಂಡು, ಸಂಗಮದಲ್ಲಿ ಕಾಲು ನೆನೆಸಿ ಹೊರಟುಬಿಡುತ್ತಾರೆ. 1799ರಲ್ಲಿ ಎದುರುಬದುರಾಗಿ ನಿಂತು ಕಾದಿದ ಟಿಪ್ಪು ಸುಲ್ತಾನ್ ಮತ್ತು ಬ್ರಿಟಿಷರು, ಎರಡೂ ಕಡೆಯವರು ಕಾವೇರಿ ಬಳಸಿ ಹರಿಯುವ ಈ ಒಂದೇ ದ್ವೀಪದಲ್ಲಿ, ಕೆಲವೇ ಕಿಲೋಮೀಟರ್ ಅಂತರದಲ್ಲಿ ಮಲಗಿದ್ದಾರೆ ಎಂಬುದು ಅವರಲ್ಲಿ ಅನೇಕರ ಗಮನಕ್ಕೇ ಬರುವುದಿಲ್ಲ. ಟಿಪ್ಪು ಮನೆತನದ ಗೋರಿಗಳಿರುವ ಗುಂಬಜ್ ಮತ್ತು ಬ್ರಿಟಿಷ್ ದಂಡಿನವರ ಗ್ಯಾರಿಸನ್ ಸ್ಮಶಾನ ಎರಡನ್ನೂ ಒಂದೇ ದಿನದಲ್ಲಿ, ಸರಿಯಾದ ಕ್ರಮದಲ್ಲಿ ನೋಡಿದರೆ ಒಂದು ಕಡೆಯ ಕಲ್ಲು ಇನ್ನೊಂದು ಕಡೆಯ ಕಲ್ಲಿಗೆ ಅರ್ಥ ಹೇಳುತ್ತದೆ. ಆ ಕ್ರಮವನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಮೊದಲು ಕೋಟೆಯಿಂದ ಆರಂಭಿಸಬೇಕು. ರೈಲು ನಿಲ್ದಾಣವೇ ಕೋಟೆಯೊಳಗಿರುವುದರಿಂದ, ಬೆಂಗಳೂರು–ಮೈಸೂರು ಮಾರ್ಗದಲ್ಲಿ ಇಲ್ಲಿ ನಿಲ್ಲುವ ರೈಲಿನಲ್ಲಿ ಬಂದವರಿಗೆ ಇದು ಅನುಕೂಲ. 1799ರ ಮೇ 4ರಂದು ಟಿಪ್ಪು ಸುಲ್ತಾನನ ದೇಹ ಸಿಕ್ಕ ಜಾಗದಲ್ಲಿ ಒಂದು ಗುರುತಿನ ಕಲ್ಲನ್ನು ನೆಡಲಾಗಿದೆ. ಕಲ್ಲು ಚಿಕ್ಕದು, ನೋಡಲು ಐದು ನಿಮಿಷ ಸಾಕು. ಆದರೆ ಗುಂಬಜ್‌ಗೆ ಹೋಗುವ ಮೊದಲೇ ಇಲ್ಲಿ ನಿಂತಿರಬೇಕು, ಏಕೆಂದರೆ ಮರುದಿನ ಸುಲ್ತಾನನ ಶವಯಾತ್ರೆ ದ್ವೀಪದ ಪಶ್ಚಿಮದ ಈ ಕೋಟೆಯಿಂದ ಪೂರ್ವದ ಗಂಜಾಂ ಕಡೆಗೆ ಸಾಗಿದ ದೂರ ಆಗ ಮಾತ್ರ ಮನಸ್ಸಿಗೆ ಬರುತ್ತದೆ. ಕೋಟೆಯನ್ನು ಒಡೆದು ನುಗ್ಗಿದ ಜಾಗದ ಹತ್ತಿರ, 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಪಕ್ಷದ ಅಧಿಕಾರಿಗಳ ಹೆಸರುಗಳು ಅದರ ಮೇಲಿವೆ. ಸಂಜೆ ಉಪಯೋಗಕ್ಕೆ ಬರುವುದರಿಂದ ಅವುಗಳ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಗುಂಬಜ್‌ಗೆ ಹೋಗುವ ದಾರಿಯಲ್ಲೇ ದರಿಯಾ ದೌಲತ್ ಸಿಗುತ್ತದೆ. ಅರಮನೆಯ ಉಳಿದ ಭಾಗಕ್ಕೆ ಸಮಯ ಇಲ್ಲದಿದ್ದರೂ ಪಶ್ಚಿಮದ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಬಿಡಬಾರದು. 1780ರ ಸೆಪ್ಟೆಂಬರ್ 10ರ ಆ ಯುದ್ಧದಲ್ಲಿ ಸೋತು ಸೆರೆಸಿಕ್ಕ ಕರ್ನಲ್ ವಿಲಿಯಂ ಬೇಲಿಯನ್ನು ಚಿತ್ರಕಾರರು ಪಲ್ಲಕ್ಕಿಯಲ್ಲಿ ಕೂರಿಸಿ ತೋರಿಸಿದ್ದಾರೆ. ಈ ಮುಖವನ್ನು ನೆನಪಿಟ್ಟುಕೊಳ್ಳಿ. ಸೆರೆಯಲ್ಲಿದ್ದಾಗಲೇ 1782ರ ನವೆಂಬರ್‌ನಲ್ಲಿ ಈತ ಇದೇ ಪಟ್ಟಣದಲ್ಲಿ ತೀರಿಕೊಂಡ. 1816ರಲ್ಲಿ ಅವನ ಸೋದರ ಸಂಬಂಧಿಯೊಬ್ಬ ಕಟ್ಟಿಸಿದ ಸ್ಮಾರಕ ಗುಂಬಜ್‌ಗೆ ತೀರ ಹತ್ತಿರದಲ್ಲೇ ಇದೆ. ಗೆದ್ದವನ ಗೋರಿಯ ಮಗ್ಗುಲಲ್ಲೇ ಸೋತವನ ಸ್ಮಾರಕವಿದ್ದರೂ ಅಲ್ಲಿಗೆ ಹೋಗುವವರು ಕಡಿಮೆ.

ಗುಂಬಜ್‌ಗೆ ಮಧ್ಯಾಹ್ನದೊಳಗೆ ತಲುಪುವುದು ಕ್ಷೇಮ. ಎತ್ತರದ ಜಗಲಿಯ ಮೇಲೆ ಚಪ್ಪಲಿ ಬಿಟ್ಟು ನಡೆಯಬೇಕಾದ್ದರಿಂದ, ಬೇಸಿಗೆಯ ಎರಡು ಗಂಟೆಯ ಬಿಸಿಲಿನಲ್ಲಿ ಕಾದ ಕಲ್ಲು ಯಾರಿಗೂ ಭಕ್ತಿ ಹುಟ್ಟಿಸುವುದಿಲ್ಲ. ಟಿಪ್ಪು ತನ್ನ ತಂದೆ ಹೈದರ್ ಅಲಿಗಾಗಿ ಇದನ್ನು ಕಟ್ಟಿಸಿದ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ತೀರಿಕೊಂಡ ಹೈದರನ ದೇಹವನ್ನು ಮೊದಲು ಕೋಲಾರದಲ್ಲಿರಿಸಿ ಆಮೇಲೆ ಇಲ್ಲಿಗೆ ತರಲಾಯಿತು. ನಯಗೊಳಿಸಿದ ಕಪ್ಪು ಶಿಲೆಯ ಕಂಬಗಳು ಸುತ್ತಲೂ ಕೈಸಾಲೆಯನ್ನು ಹೊತ್ತಿವೆ. ದಂತದ ಕೆತ್ತನೆ ಕೂಡಿಸಿದ ಈಗಿನ ಬಾಗಿಲುಗಳು ಲಾರ್ಡ್ ಡಾಲ್‌ಹೌಸಿಯ ಕೊಡುಗೆ. ಒಳಗೆ ಕಾಲಿಟ್ಟ ಮೇಲೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ನಿಲ್ಲಬೇಕು. ಆಗ ಗೋಡೆಯ ತುಂಬ ಹುಲಿಯ ಪಟ್ಟೆಗಳ ವರ್ಣಚಿತ್ತಾರ ಕಾಣುತ್ತದೆ. ಬಟ್ಟೆ ಹೊದಿಸಿದ ಮೂರು ಗೋರಿಗಳಲ್ಲಿ ನಡುವಿನದು ಹೈದರನದು, ಉಳಿದೆರಡು ಅವನ ಪತ್ನಿ ಫಾತಿಮಾ ಫಖ್ರುನ್ನೀಸಾ ಮತ್ತು ಟಿಪ್ಪುವಿನವು.

ಹೊರಗಿನ ಜಗಲಿಯ ಮೇಲಿರುವ ಬಂಧುಬಳಗದ ಗೋರಿಗಳನ್ನು ದಾಟಿಕೊಂಡು ಹೋಗುವುದೇ ರೂಢಿಯಾಗಿದೆ. ನಮ್ಮ ದೇಶದ ಅನೇಕ ಮುಸ್ಲಿಂ ಗೋರಿಗಳಲ್ಲಿ ಗಂಡಸರದಾದರೆ ಮೇಲ್ಭಾಗದಲ್ಲಿ ಲೇಖನಿಯ ಡಬ್ಬಿಯಂತೆ ಉದ್ದನೆಯ ಉಬ್ಬು, ಹೆಂಗಸರದಾದರೆ ಹಲಗೆಯಂತೆ ಸಪಾಟು ಮುಖ ಇರುತ್ತದೆ. ಇಷ್ಟು ತಿಳಿದಿದ್ದರೆ, ಶಾಸನ ಓದಲು ಬಾರದಿದ್ದರೂ ಗೋರಿಗಳ ಸಾಲನ್ನು ತಕ್ಕಮಟ್ಟಿಗೆ ಓದಬಹುದು. ಪಾರಸಿ ಶಾಸನಗಳ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ನಮ್ಮ ಪಂಡಿತರು ಕಟಪಯಾದಿ ಕ್ರಮದಲ್ಲಿ ಅಕ್ಷರಗಳೊಳಗೆ ಸಂಖ್ಯೆಯನ್ನು ಅಡಗಿಸುತ್ತಿದ್ದಂತೆಯೇ ಪಾರಸಿ ಕವಿಗಳೂ ಒಂದೊಂದು ಅಕ್ಷರಕ್ಕೆ ಒಂದೊಂದು ಬೆಲೆ ಹಿಡಿದು ಮರಣದ ವರ್ಷವನ್ನು ವಾಕ್ಯದೊಳಗೆ ಹೆಣೆಯುತ್ತಿದ್ದರು. ‘ಟಿಪ್ಪು ಮಹಮ್ಮದರ ಧರ್ಮದ ನಿಮಿತ್ತ ಹುತಾತ್ಮನಾದ’ ಎಂಬರ್ಥದ ‘ಟಿಪ್ಪು ಬ ವಜ್ಹೆ ದೀನೆ ಮುಹಮ್ಮದ್ ಶಹೀದ್ ಶುದ್’ ಎಂಬ ವಾಕ್ಯದ ಅಕ್ಷರಗಳನ್ನು ಕೂಡಿದರೆ 1213 ಬರುತ್ತದೆ. ಅದು ಹಿಜರಿ ವರ್ಷ, ನಮ್ಮ ಲೆಕ್ಕದ 1799.

ಇದು ಸ್ಮಾರಕ ಮಾತ್ರವಲ್ಲ, ಜನ ಫಾತಿಹಾ ಓದಲು ಬರುವ ಸ್ಥಳವೆಂಬುದು ನೆನಪಿರಲಿ. ಪಕ್ಕದ ಮಸೀದಿಯಲ್ಲಿ ನಮಾಜು ನಡೆಯುತ್ತಿರುವಾಗ ಜಗಲಿಯ ಮೇಲೆ ಗಟ್ಟಿಯಾಗಿ ಮಾತನಾಡಬಾರದು. ಒಳಗೆ ಫೋಟೋ ತೆಗೆಯುವ ಮೊದಲು ಅಲ್ಲಿರುವವರ ಅನುಮತಿ ಕೇಳಬೇಕು. ಗೋರಿಯ ಮೇಲೆ ಕೂರುವುದು, ಒರಗುವುದು ಸಲ್ಲದು. ಉರುಸಿನ ದಿನಗಳಲ್ಲಿ ಜನಸಂದಣಿ ಹೆಚ್ಚಾಗಿರುವುದರಿಂದ ಶಾಸನ ನೋಡುವ ಆಸಕ್ತಿಯುಳ್ಳವರು ಬೇರೆ ದಿನ ಬರುವುದು ಲೇಸು.

ಊಟ ಮುಗಿಸಿ, ಬಿಸಿಲು ಇಳಿಯತೊಡಗಿದ ಮೇಲೆ, ನಾಲ್ಕರ ಸುಮಾರಿಗೆ ಗ್ಯಾರಿಸನ್ ಸ್ಮಶಾನಕ್ಕೆ ಹೋಗಬೇಕು. ಇದು ಹೆದ್ದಾರಿಗೆ ಸಮೀಪದಲ್ಲಿ, ಕಾವೇರಿಯ ದಡದಲ್ಲಿದೆ. ಆಟೋದವರಿಗೆ ಗುಂಬಜ್‌ನಷ್ಟು ಪರಿಚಯದ ಜಾಗವಲ್ಲವಾದ್ದರಿಂದ ಹತ್ತುವ ಮೊದಲೇ ನಕ್ಷೆಯಲ್ಲಿ ತೋರಿಸಿ, ಕಾಯುವುದಕ್ಕೂ ಸೇರಿಸಿ ಬಾಡಿಗೆ ಗೊತ್ತುಮಾಡಿಕೊಳ್ಳಬೇಕು. ಸಂಜೆಯ ಹೊತ್ತನ್ನು ಸೂಚಿಸುವುದಕ್ಕೆ ಕಾರಣವಿದೆ: ಸವೆದ ಅಕ್ಷರಗಳು ಓರೆ ಬೆಳಕಿನಲ್ಲಿ ಮಾತ್ರ ಎದ್ದು ಕಾಣುತ್ತವೆ. ಬೆಳಕು ಸಾಲದಿದ್ದರೆ ಮೊಬೈಲಿನ ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿಯದೆ, ಬದಿಯಿಂದ, ಕಲ್ಲಿಗೆ ತಾಗಿದಂತೆ ಹಿಡಿಯಬೇಕು. ಸೀಮೆಸುಣ್ಣ ಬಳಿದು ಅಥವಾ ಪಾಚಿ ಕೆರೆದು ಅಕ್ಷರ ಬಿಡಿಸುವ ಅಭ್ಯಾಸ ಕಲ್ಲನ್ನೇ ತಿಂದುಹಾಕುತ್ತದೆ.

ಇಲ್ಲಿ ಸುಮಾರು 300 ಸಮಾಧಿಗಳಿವೆ. ಹಲವು ಡಿ ಮ್ಯೂರನ್ ಎಂಬ ಸ್ವಿಸ್ ರೆಜಿಮೆಂಟಿನವರವು. 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಈ ಪಡೆ 1795ರಲ್ಲಿ ಸಿಂಹಳದಲ್ಲಿ ಬ್ರಿಟಿಷರ ಕಡೆಗೆ ಬಂದು, ನಾಲ್ಕು ವರ್ಷಗಳ ಬಳಿಕ ಟಿಪ್ಪುವಿನ ಕೋಟೆಯ ಮುಂದೆ ನಿಂತಿತ್ತು. ಪಾಳುಬಿದ್ದಿದ್ದ ಸ್ಮಶಾನವನ್ನು ಇತ್ತೀಚಿನ ದಶಕಗಳಲ್ಲಿ ಆ ಮ್ಯೂರನ್ ಮನೆತನದ ವಂಶಸ್ಥರೇ ಮುಂದೆ ನಿಂತು ದುರಸ್ತಿ ಮಾಡಿಸಿದರು. ಪ್ರತಿ ಕಲ್ಲಿನಲ್ಲೂ ಹೆಸರಿಗಿಂತ ಮೊದಲು ದಿನಾಂಕ ಮತ್ತು ವಯಸ್ಸನ್ನು ಹುಡುಕಿ. ಬೆಳಿಗ್ಗೆ ಸ್ತಂಭದಲ್ಲಿ ತೆಗೆದ ಹೆಸರುಗಳ ಪಕ್ಕದಲ್ಲಿಟ್ಟು ನೋಡಿದರೆ, ಮುತ್ತಿಗೆ ಮುಗಿದ ನಂತರದ ವರ್ಷಗಳು, ಹೆಂಗಸರು, ಮಕ್ಕಳು ಎದುರಾಗುತ್ತಾರೆ. ಗೆದ್ದ ಸೈನ್ಯವನ್ನು ಈ ದ್ವೀಪದ ಜ್ವರ ಬಿಡಲಿಲ್ಲ. 1809ರಲ್ಲಿ ಬ್ರಿಟಿಷರು ದಂಡನ್ನು ಬೆಂಗಳೂರಿಗೆ ಸಾಗಿಸಿದ್ದಕ್ಕೆ ಇಲ್ಲಿಯ ಅನಾರೋಗ್ಯಕರ ಹವೆ ಒಂದು ಮುಖ್ಯ ಕಾರಣ. ಬೆಂಗಳೂರು ದಂಡು ಪ್ರದೇಶದ ಹುಟ್ಟಿಗೆ ಕಾರಣವಾದ ಕಥೆಯ ಮೊದಲ ಪುಟ ಈ ಕಲ್ಲುಗಳಲ್ಲಿದೆ ಎನ್ನಬಹುದು.

ಮಳೆಗಾಲದ ನಂತರ ಹುಲ್ಲು ಎತ್ತರಕ್ಕೆ ಬೆಳೆದಿದ್ದರೆ ಮುಚ್ಚಿದ ಬೂಟು ಹಾಕಿಕೊಂಡು, ಹೆಜ್ಜೆ ನೋಡಿ ನಡೆಯಬೇಕು. ಕುಡಿಯುವ ನೀರನ್ನು ಜೊತೆಯಲ್ಲೇ ಒಯ್ಯಬೇಕು. ಸ್ಮಶಾನಕ್ಕೆ ಹೋಗಿ ಬಂದ ಮೇಲೆ ಸ್ನಾನ ಮಾಡದೆ ಮನೆಯೊಳಗೆ ಬರಬಾರದೆನ್ನುವ ಹಿರಿಯರು ಜೊತೆಗಿದ್ದರೆ, ಅಸ್ಥಿ ವಿಸರ್ಜನೆಗೆ ಹೆಸರಾದ ಪಶ್ಚಿಮವಾಹಿನಿ ಇದೇ ಊರಿನಲ್ಲಿದೆ, ಅಲ್ಲಿಯ ಘಟ್ಟಕ್ಕೆ ಕರೆದೊಯ್ಯಬಹುದು. ಸ್ಮಶಾನದ ಹತ್ತಿರದ ದಡದಲ್ಲಿ ಮಾತ್ರ ನದಿಗೆ ಇಳಿಯಬಾರದು.