ಕಾಲಿನ ಬಣ್ಣ ನೋಡಿದಿರಾ?

ಮೂರು ವರ್ಷದ ಹಿಂದೆ, ಅಕ್ಟೋಬರ್‌ನಲ್ಲಿ, ದೇವರಾಯನದುರ್ಗದ ಕಾಡಿನ ನಾಮದ ಚಿಲುಮೆ ಹತ್ತಿರ ತೆಗೆದ ನಾಲ್ಕು ಫೋಟೋವನ್ನು, ಹಕ್ಕಿ ನೋಡುವವರು ಕಂಡದ್ದರ ಪಟ್ಟಿ ದಾಖಲಿಸುವ ಜಾಲತಾಣ ಈ-ಬರ್ಡ್‌ಗೆ ಹಾಕಿ, ‘ಕಂದು ಎದೆಯ ನೊಣಹಿಡುಕ’ ಅಂತ ಹೆಸರು ಕೊಟ್ಟು ಬೀಗುತ್ತಿದ್ದೆ. ನಮ್ಮ ತುಮಕೂರಿನ ಕಡೆ ಅದು ಸುಲಭಕ್ಕೆ ಸಿಗುವ ಹಕ್ಕಿಯಲ್ಲ. ವಾರದೊಳಗೆ ಪಟ್ಟಿ ಪರಿಶೀಲಿಸುವವರಿಂದ ಒಂದೇ ಸಾಲಿನ ಮೇಲ್ ಬಂತು: “ಕಾಲಿನ ಬಣ್ಣ ನೋಡಿದಿರಾ?” ನಾಲ್ಕೂ ಫೋಟೋದಲ್ಲಿ ಕಾಲು ಎಲೆಯ ಹಿಂದೆ. ನೋಡಿದ ನೆನಪೂ ಇರಲಿಲ್ಲ. ಎರಡು ದಿನ ಮುನಿಸಿಕೊಂಡಿದ್ದು, ಕೊನೆಗೆ ‘ಯಾವುದೋ ನೊಣಹಿಡುಕ’ ಅಂತ ತಿದ್ದಿ ಸುಮ್ಮನಾದೆ.

ಕಾಲೇ ಯಾಕೆ ಅಂದರೆ, ಚಳಿಗಾಲಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಕಂದು ನೊಣಹಿಡುಕಕ್ಕೂ ಇದಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸವೇ ಇಲ್ಲ. ಎರಡೂ ಗುಬ್ಬಚ್ಚಿಗಿಂತ ಚಿಕ್ಕವು, ಎರಡೂ ಮಣ್ಣಿನ ಬಣ್ಣದವು, ಎರಡಕ್ಕೂ ದೊಡ್ಡ ಕಣ್ಣು, ಕಣ್ಣಿನ ಸುತ್ತ ಬಿಳಿ ಬಳೆ. ಸಾಮಾನ್ಯದ್ದರ ಕಾಲು ಕಪ್ಪು. ಕೆಳಕೊಕ್ಕಿನ ಬುಡ ಮಾತ್ರ ಹಳದಿ, ತುದಿ ಕಪ್ಪು. ಅಪರೂಪದ್ದರ ಕಾಲು ತಿಳಿ ಹಳದಿ, ಕೆಳಕೊಕ್ಕು ಪೂರ್ತಿ ಹಳದಿ. ಅದರ ಬಿಳಿ ಗಂಟಲಿನ ಎರಡೂ ಬದಿಗೆ ಸಣ್ಣ ಮೀಸೆಯಂಥ ಗೆರೆಯೂ ಇರುತ್ತದೆ. ‘ಕಂದು ಎದೆ’ ಅನ್ನುವ ಹೆಸರು ನಂಬಿಕೊಂಡು ಎದೆ ನೋಡುತ್ತಾ ಕೂತರೆ ಕೆಟ್ಟಿರಿ. ಮೋಡದ ದಿನ ಎರಡರ ಎದೆಯೂ ಕಂದೇ.

ಕಂದು ಎದೆಯದ್ದರ ವೈಜ್ಞಾನಿಕ ಹೆಸರಿನಲ್ಲಿ ಒಬ್ಬ ಸಾಮಾನ್ಯ ಮನುಷ್ಯನ ಹೆಸರಿದೆ ಅನ್ನುವುದು ನನಗೆ ಇಷ್ಟದ ಸಂಗತಿ: ಮಸ್ಸಿಕಾಪ ಮುತ್ತುಯಿ. ಶ್ರೀಲಂಕಾದಲ್ಲಿದ್ದ ಎಡ್ಗರ್ ಲೇಯರ್ಡ್ ಎಂಬಾತ 1854ರಲ್ಲಿ ಇದನ್ನು ವಿವರಿಸಿದಾಗ, ತನಗೆ ಹಕ್ಕಿಗಳನ್ನು ತಂದುಕೊಡುತ್ತಿದ್ದ ಸೇವಕ ಮುತ್ತುವಿನ ಹೆಸರನ್ನೇ ಇಟ್ಟ. ದೊರೆಗಳ, ದೊರೆಸಾನಿಯರ ಹೆಸರು ಹೊತ್ತ ಹಕ್ಕಿಗಳ ನಡುವೆ ಒಬ್ಬ ಮುತ್ತು! ಈಶಾನ್ಯ ಭಾರತ, ಮ್ಯಾನ್ಮಾರ್, ದಕ್ಷಿಣ ಚೀನಾ ಕಡೆ ಮರಿ ಮಾಡಿ, ಚಳಿಗೆ ಪಶ್ಚಿಮ ಘಟ್ಟಕ್ಕೂ ಶ್ರೀಲಂಕಾಕ್ಕೂ ಇಳಿಯುವ ಹಕ್ಕಿ ಇದು. ನಮ್ಮ ದೇವರಾಯನದುರ್ಗ ಅದಕ್ಕೆ ದಾರಿಯಲ್ಲಿ ಸಿಗುವ ಛತ್ರವಿದ್ದ ಹಾಗೆ.

ನನ್ನದು ಮೆಡಿಕಲ್ ಶಾಪು. ಭಾನುವಾರ ಹತ್ತಕ್ಕೆ ಬಾಗಿಲು ತೆಗೆದರೆ ನಡೆಯುತ್ತದೆ. ಹೋದ ಅಕ್ಟೋಬರ್‌ನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ದುರ್ಗದ ಕಾಡಿನಲ್ಲಿದ್ದೆ. ಹಿಂದಿನ ರಾತ್ರಿಯ ಮಳೆಗೆ ಬಂಡೆಯೆಲ್ಲ ಒದ್ದೆ. ಹಳ್ಳದ ಬದಿಯ ಪೊದೆಯೊಳಗೆ, ನನ್ನ ಮೊಣಕಾಲಿನ ಎತ್ತರದಲ್ಲಿ, ಒಂದು ಹಕ್ಕಿ ಕೂತಿತ್ತು. ಅಷ್ಟು ಕೆಳಗೆ, ಅಷ್ಟು ಕತ್ತಲಲ್ಲಿ ಕೂತದ್ದೇ ಮೊದಲ ಸುಳಿವು. ಸಾಮಾನ್ಯದ್ದು ಮರದ ನಡುಕೊಂಬೆಯ ಬಯಲಲ್ಲಿ ಕೂತು, ಹುಳಕ್ಕೆ ಹಾರಿ, ಮತ್ತೆ ಅಲ್ಲಿಗೇ ಬರುತ್ತದೆ. ಇದು ಮುಸುಕು ಹೊದ್ದ ಅಜ್ಜಿಯ ಹಾಗೆ ಅಲುಗಾಡದೆ ಕೂತಿತ್ತು.

ಕ್ಯಾಮೆರಾ ಎತ್ತಲಿಲ್ಲ. ಹಳೆಯ ಪೆಟ್ಟಿನ ನೆನಪಿತ್ತಲ್ಲ. ಬೈನಾಕ್ಯುಲರ್‌ನಲ್ಲಿ ಮೊದಲು ಕಾಲು, ಆಮೇಲೆ ಕೊಕ್ಕು, ಆಮೇಲೆ ಮುಖ ನೋಡಿ, ಬಿಲ್ ಪುಸ್ತಕದ ಹಿಂಬದಿಯಲ್ಲೇ ಬರೆದುಕೊಂಡೆ: ‘ಕಾಲು ಹಸಿಶುಂಠಿ ಸುಲಿದ ಬಣ್ಣ. ಕೆಳಕೊಕ್ಕು ತುದಿವರೆಗೆ ಹಳದಿ. ಮೀಸೆ ಇದೆ. ರೆಕ್ಕೆಯ ಅಂಚು ಕೆಂಗಂದು. ಸದ್ದಿಲ್ಲ.’ ಹೆಸರು ಬರೆಯಲಿಲ್ಲ, ಹಕ್ಕಿಗಳ ಚಿತ್ರವಿರುವ ಪುಸ್ತಕವನ್ನೂ ತೆಗೆಯಲಿಲ್ಲ. ಚಿತ್ರ ನೋಡಿದ ಮೇಲೆ ಬರೆದರೆ ಕಣ್ಣು ಕಂಡದ್ದನ್ನು ಬಿಟ್ಟು ಚಿತ್ರದಲ್ಲಿರುವುದನ್ನು ಬರೆಸುತ್ತದೆ, ನನಗೇ ಆಗಿದೆ.

ಆಮೇಲೆ ಫೋಟೋ. ಎಂಟು ಗಂಟೆ ಹೊತ್ತಿಗೆ ಗಸ್ತಿಗೆ ಬಂದ ಫಾರೆಸ್ಟ್ ವಾಚರ್ ಹಿಂದೆ ನಿಂತು, “ಏನ್ಸಾರ್, ಚಿರತೆಯಾ?” ಅಂದ. ಬೆರಳು ತೋರಿಸಿದೆ. ಬಗ್ಗಿ ನೋಡಿ, “ಅಯ್ಯೋ, ಇದಾ? ಇದಕ್ಕೆ ಅಷ್ಟು ದೊಡ್ಡ ಲೆನ್ಸಾ?” ಅಂತ ನಕ್ಕು ಹೋದ.

ಅಲ್ಲಿಗೆ ಕೆಲಸ ಮುಗಿದಿರಲಿಲ್ಲ. ಎಲೆಯೊಳಗಿಂದ ಸೋಸಿ ಬರುವ ಬೆಳಕು ಎಲ್ಲವನ್ನೂ ಹಸಿರು-ಹಳದಿ ಮಾಡುತ್ತದೆ. ಕಪ್ಪು ಕಾಲೂ ಫೋಟೋದಲ್ಲಿ ಕಂದಾಗಿ ಕಾಣಬಹುದು. ಅದಕ್ಕೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಸಾಮಾನ್ಯದ್ದರ ಫೋಟೋವೂ ಬೇಕಿತ್ತು. ಅದು ಸಿಗಲು ಇನ್ನರ್ಧ ಗಂಟೆ ಹಿಡಿಯಿತು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಒಂದರ ಕಾಲು ಅಗರಬತ್ತಿ ಕಡ್ಡಿಯಷ್ಟು ಕಪ್ಪು, ಇನ್ನೊಂದರದ್ದು ತಿಳಿ ಹಳದಿ. ಇಡೀ ದಾಖಲೆಯಲ್ಲಿ ನನಗೆ ಸಮಾಧಾನ ಕೊಟ್ಟ ಕೆಲಸ ಇದೊಂದೇ.

ಎಡವಟ್ಟೂ ಆಯಿತು. ಬ್ಯಾಟರಿ ಬದಲಿಸಿದ ಮೇಲೆ ಕ್ಯಾಮೆರಾದ ಗಡಿಯಾರ ಸರಿಮಾಡಿರಲಿಲ್ಲ. ಮನೆಗೆ ಬಂದು ನೋಡಿದರೆ ಫೋಟೋಗಳ ಮೇಲೆ ಮಧ್ಯರಾತ್ರಿಯ ಸಮಯ! ಅದೇ ಕ್ಯಾಮೆರಾದಲ್ಲಿ ಮೊಬೈಲಿನ ಗಡಿಯಾರದ ಫೋಟೋ ತೆಗೆದು, ಎರಡರ ವ್ಯತ್ಯಾಸ ಲೆಕ್ಕ ಹಾಕಿ, ಪಟ್ಟಿಯ ಟಿಪ್ಪಣಿಯಲ್ಲಿ ಹಾಗೆಯೇ ಬರೆದೆ. ಮುಚ್ಚಿಟ್ಟಿದ್ದರೆ ಇನ್ನೊಂದು ಮೇಲ್ ಖಂಡಿತ ಬರುತ್ತಿತ್ತು.

ಟಿಪ್ಪಣಿಯಲ್ಲಿ ‘ಚೆನ್ನಾಗಿ ಕಂಡಿತು, ಅನುಮಾನವೇ ಇಲ್ಲ’ ಅಂತ ಬರೆಯುವವರಿದ್ದಾರೆ. ಅದರಿಂದ ಓದುವವರಿಗೆ ಏನೂ ಸಿಗುವುದಿಲ್ಲ. ನಾನು ಹಕ್ಕಿ ಎಷ್ಟು ದೂರದಲ್ಲಿತ್ತು, ಎಷ್ಟು ಹೊತ್ತು ಕಂಡಿತು, ಸಾಮಾನ್ಯದ್ದು ಯಾಕಲ್ಲ ಅಂತ ಬರೆದು, ಬಿಲ್ ಪುಸ್ತಕದ ಆ ಪುಟದ ಫೋಟೋವನ್ನೂ ಸೇರಿಸಿದೆ. ಶುಂಠಿಯ ಹೋಲಿಕೆಯನ್ನೂ ತೆಗೆಯಲಿಲ್ಲ. ದಾಖಲೆ ಒಪ್ಪಿಗೆಯಾಯಿತು.

ಅದಾದ ಮೇಲೆ ಒಂದು ರಾತ್ರಿ, ಅಂಗಡಿ ಮುಚ್ಚಿ ಬಂದು, ಮೂರು ವರ್ಷದ ಹಿಂದಿನ ಆ ನಾಲ್ಕು ಫೋಟೋ ಮತ್ತೆ ತೆರೆದೆ. ಆಗ ಎದೆ ಬಿಟ್ಟು ಬೇರೇನೂ ನೋಡಿರಲಿಲ್ಲ. ಮೂರನೆಯದರಲ್ಲಿ ಹಕ್ಕಿ ಕತ್ತು ಎತ್ತಿದೆ, ಕೆಳಕೊಕ್ಕು ಕಾಣುತ್ತದೆ. ದೊಡ್ಡದು ಮಾಡಿ ನೋಡಿದೆ. ತುದಿ ಕಪ್ಪು. ಪಟ್ಟಿಯಲ್ಲಿ ‘ಯಾವುದೋ’ ಅನ್ನುವುದನ್ನು ಅಳಿಸಿ ಬರೆದೆ: ಕಂದು ನೊಣಹಿಡುಕ, 1.